ಪುಟ ಸರಿಸಲು ಹೋದರೆ ಸಾಲು ನೀಲಿಯಾಗುತ್ತೆ: ತಪ್ಪು ಆ್ಯಪ್‌ನದ್ದೋ, ಬೆರಳಿನದ್ದೋ?

ತೋಟದವ, ತೀರ್ಥಹಳ್ಳಿ: ನಿನ್ನೆ ಮಳೆ ಸ್ವಲ್ಪ ಹೊಳವಾಗಿತ್ತು. ಅಡಿಕೆಯ ಕೊಳೆರೋಗಕ್ಕೆ ಔಷಧಿ ಹೊಡೆಸೋಣ ಎಂದು ಮೈಲುತುತ್ತು, ಸುಣ್ಣದ ಬೋರ್ಡೋ ದ್ರಾವಣ ಕಲಸಲು ಕೂತೆ. ಅಳತೆ ಇರುವ ಪಿಡಿಎಫ್ ಟ್ಯಾಬ್‌ನಲ್ಲಿತ್ತು. ಪುಟ ಮೇಲೆ ಸರಿಸಲು ಬೆರಳಿಟ್ಟರೆ ಸಾಲು ನೀಲಿಯಾಯಿತು. ಕಾಪಿ, ಶೇರ್ ಎಂಬ ಪಟ್ಟಿ ಸರಿಯಾಗಿ ಅಳತೆಯ ಮೇಲೆಯೇ ಬಂದು ಕೂತಿತು. ಅದನ್ನು ಕಳಿಸಲು ಅಂಚಿನಲ್ಲಿ ಮುಟ್ಟಿದರೆ ಮುಂದಿನ ಪುಟಕ್ಕೆ ಹಾರಿತು. ಮೂರು ಸಲ ಹೀಗೇ. ಓದುವ ಆ್ಯಪ್‌ಗೆ ಮೊದಲ ಕೆಲಸ ಓದಿಸುವುದು ಅಲ್ವಾ? ಸೆಲೆಕ್ಟ್ ಮಾಡಲು ಬೇರೆ ಬಟನ್ ಇಡಲಿ.

ಕೋಡ್ ಕುಟ್ಟುವವ, ಶಿವಮೊಗ್ಗ: ಬಟನ್ ಯಾಕೆ? ಎಳೆದರೆ ಪುಟ ಸರಿಯುತ್ತೆ, ಒತ್ತಿ ಹಿಡಿದರೆ ಸೆಲೆಕ್ಟ್ ಆಗುತ್ತೆ. ನೀವು ಬೆರಳಿಟ್ಟು ಯೋಚಿಸುತ್ತಾ ಕೂತಿದ್ದೀರಿ. ಸುಮಾರು ಅರ್ಧ ಸೆಕೆಂಡ್ ಬೆರಳು ಅಲ್ಲಾಡದಿದ್ದರೆ ಆಂಡ್ರಾಯ್ಡ್ ಅದನ್ನು ಒತ್ತಿ ಹಿಡಿದದ್ದು ಎಂದೇ ತಿಳಿಯುತ್ತದೆ. ಸೆಟ್ಟಿಂಗ್ಸ್‌ನ ಆ್ಯಕ್ಸೆಸಿಬಿಲಿಟಿಯಲ್ಲಿ ಆ ಸಮಯ ಜಾಸ್ತಿ ಮಾಡಬಹುದು. ಮತ್ತೆ, ಕೈ ಒರೆಸಿಕೊಂಡು ಮುಟ್ಟಿ.

ತೋಟದವ, ತೀರ್ಥಹಳ್ಳಿ: "ಕೈ ಒರೆಸಿಕೊಂಡು"! ಮಳೆಗಾಲದಲ್ಲಿ ನಮ್ಮಲ್ಲಿ ಒರೆಸುವ ಬಟ್ಟೆಯೇ ಒಣಗುವುದಿಲ್ಲ ಮಾರಾಯ್ರೆ. ಆಗುಂಬೆ ಇರುವ ತಾಲ್ಲೂಕು ಇದು.

ಸಾಗರದ ಟೀಚರ್: ಬಟನ್ ಮಾತು ಸರಿಯಾಗಿದೆ. ಕಂಪ್ಯೂಟರ್‌ನಲ್ಲಿ ಪಿಡಿಎಫ್ ಓದುವ ಓಕುಲರ್‌ನಲ್ಲಿ ಪುಟ ಎಳೆಯಲು ಒಂದು ಟೂಲ್, ಅಕ್ಷರ ಸೆಲೆಕ್ಟ್ ಮಾಡಲು ಇನ್ನೊಂದು. ಗೊಂದಲವೇ ಇಲ್ಲ. ಇನ್ನು ಮುಟ್ಟುವ ಜಾಗದ ಗಾತ್ರ. ಗೂಗಲ್ ತನ್ನ ಸ್ಕ್ರೀನ್ ಅಳತೆಯಲ್ಲಿ 48 ಡಿಪಿ ಇರಲಿ ಎನ್ನುತ್ತದೆ, ಅಂದರೆ ಸುಮಾರು 9 ಮಿಲಿಮೀಟರ್. ಆ್ಯಪಲ್ ತನ್ನ ಅಳತೆಯಲ್ಲಿ 44 ಪಾಯಿಂಟ್ ಎನ್ನುತ್ತದೆ. ನಾನು ಬಳಸುವ ಆ್ಯಪ್‌ನಲ್ಲಿ ಮುಚ್ಚುವ ಗುರುತು ಸಾಸಿವೆ ಕಾಳಿನಷ್ಟಿದೆ.

ಹೊಸನಗರದವ: "ಆಗುಂಬೆ ಇರುವ ತಾಲ್ಲೂಕು." ಇದನ್ನು ಇನ್ನೂ ಎಷ್ಟು ವರ್ಷ ಹೇಳುತ್ತೀರಿ? ಮಳೆಯಲ್ಲಿ ನಮ್ಮ ತಾಲ್ಲೂಕಿನ ಹುಲಿಕಲ್ ಎಷ್ಟೋ ವರ್ಷ ಆಗುಂಬೆಯನ್ನು ಹಿಂದೆ ಹಾಕಿದೆ. ಅಂದಹಾಗೆ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ. ಇದಕ್ಕೂ ಪಿಡಿಎಫ್ ಬೇಕಾ?

ತೋಟದವ, ತೀರ್ಥಹಳ್ಳಿ: ದಕ್ಷಿಣದ ಚಿರಾಪುಂಜಿ ಎಂದು ಊರೆಲ್ಲ ಕರೆಯುವುದು ಯಾವುದನ್ನು? ಸರಾಸರಿ 7,600 ಮಿಲಿಮೀಟರ್ ಆಸುಪಾಸು. ನಿಮ್ಮದು ಯಾವುದೋ ನಾಲ್ಕು ವರ್ಷ ಆರಿಸಿಕೊಂಡ ಲೆಕ್ಕ.

ಹೊಸನಗರದವ: "ಊರೆಲ್ಲ ಕರೆಯುವುದು" ಪುರಾವೆಯಾ? ಮಳೆ ಅಳೆಯುವುದು ಮಾಪಕದಲ್ಲಿ, ಪ್ರವಾಸಿಗರ ಬಾಯಲ್ಲಲ್ಲ. ಸರಾಸರಿ ಹಿಡಿದು ಹಳೇ ಹೆಸರಲ್ಲೇ ಬದುಕುತ್ತಿದ್ದೀರಿ.

ಕೋಡ್ ಕುಟ್ಟುವವ, ಶಿವಮೊಗ್ಗ: ಮಳೆ ಎಲ್ಲೇ ಜಾಸ್ತಿ ಬರಲಿ, ಸ್ಕ್ರೀನ್‌ಗೆ ನೀರು ನೀರೇ. ಈಗಿನ ಸ್ಕ್ರೀನ್ ವಿದ್ಯುತ್ ಚಾರ್ಜ್‌ನ ಬದಲಾವಣೆ ನೋಡಿ ಬೆರಳು ಗುರುತಿಸುತ್ತದೆ. ಹನಿಯೂ ಅದನ್ನು ಬದಲಿಸುತ್ತದೆ. ಆ್ಯಪ್‌ಗೆ ಸಿಗುವುದು ಇಂಥ ಜಾಗದಲ್ಲಿ ಮುಟ್ಟಿದರು ಎಂಬುದಷ್ಟೇ. ಹನಿಯೋ ಹೆಬ್ಬೆಟ್ಟೋ ಅದಕ್ಕೇನು ಗೊತ್ತು?

ಹೊಸನಗರದವ: "ಎಲ್ಲೇ ಜಾಸ್ತಿ ಬರಲಿ" ಅಂತೆ! ಶಿವಮೊಗ್ಗ ಪೇಟೆಯಲ್ಲಿ ಫ್ಯಾನ್ ಕೆಳಗೆ ಕೂತವರಿಗೆ ಎಲ್ಲವೂ ಒಂದೇ.

ಸಾಗರದ ಟೀಚರ್: ಹನಿ ಗೊತ್ತಾಗದಿದ್ದರೆ ಅಂಚು ಮುಟ್ಟಿದರೆ ಪುಟ ಹಾರುವುದನ್ನು ಆಫ್ ಮಾಡಲು ಬಿಡಲಿ. ವಾಲ್ಯೂಮ್ ಬಟನ್ ಒತ್ತಿದರೆ ಪುಟ ತಿರುಗಲಿ. ಅದಕ್ಕೆ ಒದ್ದೆ ಕೈಯಾದರೂ ಆಗುತ್ತೆ. ಇಷ್ಟು ಕೇಳಿದರೆ ತಪ್ಪಾ?

ಹಳೇ ಕಡತ, ಭದ್ರಾವತಿ: ಸೆಲೆಕ್ಟ್ ಸೆಲೆಕ್ಟ್ ಎನ್ನುತ್ತೀರಲ್ಲ, ಮಾಡಿದರೂ ಏನು ಸಿಗುತ್ತೆ? ಯೂನಿಕೋಡ್ ಅಲ್ಲದ ಹಳೇ ಫಾಂಟ್‌ನ ಕನ್ನಡ ಪಿಡಿಎಫ್ ಕಾಪಿ ಮಾಡಿ ನೋಡಿ. ಇಂಗ್ಲಿಷ್ ಅಕ್ಷರಗಳ ಚಿತ್ರಾನ್ನ. 1993ರಲ್ಲಿ ಬಂದ ಪಿಡಿಎಫ್ ಇರುವುದೇ ಪ್ರಿಂಟ್‌ನಂತೆ ಕಾಣಲು. ಸಣ್ಣ ಸ್ಕ್ರೀನಿಗೆ ಇಪಬ್ ಕೊಡಿ, ಅದು ಇ-ಪುಸ್ತಕದ ಫೈಲ್. ಅಕ್ಷರ ದೊಡ್ಡದು ಮಾಡಿದರೆ ಸಾಲು ತಾನೇ ಮಡಚಿಕೊಳ್ಳುತ್ತೆ, ಅಡ್ಡ ಎಳೆದಾಡುವ ಕೆಲಸವಿಲ್ಲ.

ತೋಟದವ, ತೀರ್ಥಹಳ್ಳಿ: "ಇಪಬ್ ಕೊಡಿ." ಕೊಡುವವರು ನಾನಾ? ನನಗೆ ಬಂದದ್ದು ಪಿಡಿಎಫ್. ಮತ್ತೆ ಹೊಸನಗರದವರೇ, ಅಳತೆ ಬಾಯಿಪಾಠ ಇದ್ದರೆ ಆಗಲಿಲ್ಲ. ಕಲಸಿದ ಮೇಲೆ ಕಬ್ಬಿಣದ ಕತ್ತಿ ಅದ್ದಿ ನೋಡುತ್ತೀರಾ? ಕೆಂಪಗಾದರೆ ಸುಣ್ಣ ಸಾಲದು. ಅದೂ ಆ ಪಿಡಿಎಫ್‌ನಲ್ಲಿತ್ತು.

ಹೊಸನಗರದವ: ಕತ್ತಿ ಅದ್ದುವುದನ್ನು ನನ್ನಜ್ಜ ಪಿಡಿಎಫ್ ಇಲ್ಲದೆ ಕಲಿಸಿದ್ದಾರೆ. ಹುಲಿಕಲ್ ಲೆಕ್ಕಕ್ಕೆ ಉತ್ತರ ಬರಲಿಲ್ಲ.

ಸಾಗರದ ಟೀಚರ್: ನನ್ನ ವಾಲ್ಯೂಮ್ ಬಟನ್‌ಗೂ ಬರಲಿಲ್ಲ.

ಕೋಡ್ ಕುಟ್ಟುವವ, ಶಿವಮೊಗ್ಗ: ಆ್ಯಕ್ಸೆಸಿಬಿಲಿಟಿ ಸೆಟ್ಟಿಂಗ್ ಹೇಳಿ ಇಷ್ಟು ಹೊತ್ತಾಯಿತು. ಒಬ್ಬರಾದರೂ ಮಾಡಿ ನೋಡಿದಿರಾ? ಸುಮ್ನೆ ಜಗಳ.

ತೋಟದವ, ತೀರ್ಥಹಳ್ಳಿ: ಮಾಡಿ ನೋಡಿದೆ. ನೀಲಿಯಾಗುವುದು ಕಡಿಮೆಯಾಗಿದೆ. ಹಾಗೆಂದು ಬಟನ್ ಬೇಡ ಎಂದು ನಾನು ಹೇಳಿಲ್ಲ. ಹುಲಿಕಲ್ ಮಾತನ್ನೂ ಒಪ್ಪಿಲ್ಲ. ಮತ್ತೆ ಮೋಡ ಕಟ್ಟಿದೆ, ಔಷಧಿ ಡ್ರಮ್ಮಿನಲ್ಲೇ ಇದೆ.