ಮೈಕ್ರೋಡೋಸಿಂಗ್‌ನಿಂದ ಕವಳ ಬಿಡಬಹುದೇ? ಮನೋವೈದ್ಯರೊಂದಿಗೆ ಪ್ರಶ್ನೋತ್ತರ

ಪ್ರಶ್ನೆ (ಶಿರಸಿ ಸಮೀಪದ ಹಳ್ಳಿಯಿಂದ, 34 ವರ್ಷ): ಡಾಕ್ಟರೇ, ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯ ಕೆಲಸವನ್ನು ಊರ ಮನೆಯಿಂದಲೇ ಮಾಡುತ್ತಿದ್ದೇನೆ. ಊರಿಗೆ ಬಂದರೆ ಬದುಕು ಹದಕ್ಕೆ ಬರುತ್ತದೆ ಎಂದುಕೊಂಡಿದ್ದೆ. ಆದದ್ದು ಬೇರೆ. ರಾತ್ರಿ ಎರಡರವರೆಗೆ ಮೊಬೈಲ್, ದಿನಕ್ಕೆ ಹತ್ತು ಹನ್ನೆರಡು ಕವಳ (ಎಲೆಅಡಿಕೆ), ಅದೂ ಹೊಗೆಸೊಪ್ಪು ಹಾಕಿ. ಅಪ್ಪೆಮಿಡಿ ಉಪ್ಪಿನಕಾಯಿ ಬಾಯಿಗಿಟ್ಟರೆ ಉರಿಯುತ್ತದೆ. ಮನೆಯ ಕೆಳಗಿನ ತೋಟಕ್ಕೆ ಇಳಿಯದೆ ತಿಂಗಳಾಯಿತು. ಗೋಕರ್ಣದಲ್ಲಿರುವ ಸ್ನೇಹಿತನೊಬ್ಬ ಮೈಕ್ರೋಡೋಸಿಂಗ್ ಮಾಡುತ್ತಾನೆ. ಎಲ್‌ಎಸ್‌ಡಿ ಎಂಬ ಭ್ರಮೆ ಹುಟ್ಟಿಸುವ ಮಾದಕ ಹಚ್ಚಿದ ಕಾಗದದ ಸಣ್ಣ ಚೂರು. ಒಂದು ದಿನ ತೆಗೆದುಕೊಂಡು ಎರಡು ದಿನ ಬಿಡುವುದು. ಅಮಲೇರುವುದಿಲ್ಲ, ತಲೆ ತಿಳಿಯಾಗುತ್ತದೆ, ಸಿಗರೇಟು ತಾನಾಗಿ ಬಿಟ್ಟುಹೋಯಿತು, ನಸುಕಿನಲ್ಲಿ ಎದ್ದು ಓಂ ಬೀಚಿನವರೆಗೆ ನಡೆಯುತ್ತೇನೆ ಎನ್ನುತ್ತಾನೆ. ಎಲ್ಲವನ್ನೂ ನೋಟ್‌ಬುಕ್‌ನಲ್ಲಿ ಬರೆದಿಡುತ್ತಾನೆ. ಬೈಯದೆ ಹೇಳಿ, ಇದರಲ್ಲಿ ಹುರುಳಿದೆಯೇ?

ಉತ್ತರ: ಬೈದು ಕವಳ ಬಿಡಿಸಿದ ವೈದ್ಯರನ್ನು ನಾನು ಇನ್ನೂ ನೋಡಿಲ್ಲ, ಹಾಗಾಗಿ ಆ ಭಯ ಬೇಡ.

ಎಲ್‌ಎಸ್‌ಡಿಯನ್ನು ಸ್ವಿಟ್ಜರ್ಲೆಂಡಿನ ಆಲ್ಬರ್ಟ್ ಹಾಫ್‌ಮನ್ 1938ರಲ್ಲಿ ತಯಾರಿಸಿದರು. ಅದರ ಗುಣ ಖಚಿತವಾದದ್ದು 1943ರಲ್ಲಿ, ಅವರೇ 250 ಮೈಕ್ರೋಗ್ರಾಂ ಸೇವಿಸಿ ಸೈಕಲ್ಲಿನಲ್ಲಿ ಮನೆಗೆ ಹೋದ ದಿನ. ಮೈಕ್ರೋಡೋಸ್ ಎಂದರೆ ಭ್ರಮೆ ಹುಟ್ಟಿಸುವ ಸಾಮಾನ್ಯ ಪ್ರಮಾಣದ ಹತ್ತರಲ್ಲಿ ಒಂದು ಅಥವಾ ಇಪ್ಪತ್ತರಲ್ಲಿ ಒಂದು ಭಾಗ. ಒಂದು ದಿನ ಸೇವಿಸಿ ಎರಡು ದಿನ ಬಿಡುವ ಕ್ರಮವನ್ನು ಜನಪ್ರಿಯಗೊಳಿಸಿದವರು ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಫ್ಯಾಡಿಮನ್. 2011ರ ನಂತರ ಅದು ಸಿಲಿಕಾನ್ ವ್ಯಾಲಿಯಲ್ಲಿ ಹಬ್ಬಿತು. ನಿಮ್ಮ ಸ್ನೇಹಿತನ ನೋಟ್‌ಬುಕ್ ಕೂಡ ಅದೇ ಪಾಠದ ಭಾಗ.

ಇದು ನಿಜವೇ ಎಂದು ಪರೀಕ್ಷಿಸುವುದು ಕಷ್ಟವಿತ್ತು, ಏಕೆಂದರೆ ಸೇವಿಸುವವರಿಗೆಲ್ಲ ತಾವು ಸೇವಿಸಿದ್ದೇವೆಂದು ಗೊತ್ತಿರುತ್ತದೆ. ಲಂಡನ್ನಿನ ಇಂಪೀರಿಯಲ್ ಕಾಲೇಜಿನವರು ಜಾಣ ಉಪಾಯ ಮಾಡಿದರು. ಮೈಕ್ರೋಡೋಸಿಂಗ್ ಮಾಡುವವರಿಗೇ ಹೇಳಿ ಕೆಲವು ಕ್ಯಾಪ್ಸೂಲುಗಳಲ್ಲಿ ಔಷಧ ತುಂಬಿಸಿ, ಕೆಲವನ್ನು ಖಾಲಿ ಬಿಡಿಸಿ, ಕೋಡ್ ಅಂಟಿಸಿದ ಲಕೋಟೆಗಳಲ್ಲಿ ಹಾಕಿ ಕಲಸಿಬಿಡಿಸಿದರು. ಯಾವುದರಲ್ಲಿ ಏನಿದೆ ಎಂಬುದು ಕೋಡ್ ಓದುವ ಗಣಕಕ್ಕೆ ಮಾತ್ರ ಗೊತ್ತು. 191 ಜನ ಪೂರ್ತಿ ಮುಗಿಸಿದರು. ಫಲಿತಾಂಶ 2021ರಲ್ಲಿ ಪ್ರಕಟವಾಯಿತು. ನಾಲ್ಕು ವಾರಗಳಲ್ಲಿ ಔಷಧ ತೆಗೆದುಕೊಂಡವರ ಮನಃಸ್ಥಿತಿ ಸುಧಾರಿಸಿತ್ತು. ಖಾಲಿ ಕ್ಯಾಪ್ಸೂಲು ನುಂಗಿದವರದ್ದೂ ಹೆಚ್ಚುಕಡಿಮೆ ಅಷ್ಟೇ ಸುಧಾರಿಸಿತ್ತು. ಖಾಲಿಯದನ್ನು ನುಂಗಿ ‘ಇವತ್ತು ಇದರಲ್ಲಿ ಇತ್ತು’ ಎಂದು ನಂಬಿದವರಿಗೂ ಒಳ್ಳೆಯದೆನಿಸಿತು.

ಎಲ್‌ಎಸ್‌ಡಿ ಮಿದುಳಿನ ನರಕೋಶಗಳಲ್ಲಿ ಹೊಸ ಕವಲು ಒಡೆಯಿಸುತ್ತದೆ ಎಂಬ ವಾದವೂ ನಿಮ್ಮ ಕಿವಿಗೆ ಬಿದ್ದಿರಬಹುದು. ಪ್ರಯೋಗಾಲಯದ ಕೋಶಗಳಲ್ಲಿ, ಇಲಿಗಳಲ್ಲಿ ಅಂಥದ್ದು ಕಂಡಿದೆ. ಆದರೆ ನೀವು ತೋಟದವರು. ಮಣ್ಣು ಹದವಾದ ಕಡೆ ಕಳೆಯೂ ಏಳುತ್ತದೆ ಎಂದು ನಿಮಗೆ ನಾನು ಹೇಳಬೇಕಿಲ್ಲ. ಹದವಾದ ಮಿದುಳಿನಲ್ಲಿ ಬೇರೂರುವುದು ನಸುಕಿನ ನಡಿಗೆಯೇ ಆಗಬೇಕೆಂದಿಲ್ಲ, ಮೊಬೈಲೂ ಆಗಬಹುದು.

ಪ್ರಶ್ನೆ (ಅದೇ ಓದುಗರು): ಒಪ್ಪಿದೆ. ಆದರೆ ನಂಬಿಕೆಯಿಂದಲೇ ಆದರೂ ಸ್ನೇಹಿತ ಸಿಗರೇಟು ಬಿಟ್ಟದ್ದು ಸುಳ್ಳಲ್ಲವಲ್ಲ. ನಂಬಿಕೆಯಿಂದ ಗುಣವಾದರೆ ನಷ್ಟವೇನು?

ಉತ್ತರ: ಒಳ್ಳೆಯ ಪ್ರಶ್ನೆ, ಇದನ್ನು ಕೇಳಬೇಕೆಂದೇ ನಾನು ಕಾಯುತ್ತಿದ್ದೆ. ನಷ್ಟ ನಂಬಿಕೆಯಲ್ಲಿಲ್ಲ, ಕಾಗದದಲ್ಲಿದೆ.

ಆ ಕಾಗದದಲ್ಲಿ ಏನಿದೆ ಎಂದು ನಿಮ್ಮ ಸ್ನೇಹಿತನಿಗೂ ಗೊತ್ತಿಲ್ಲ, ಅವನಿಗೆ ಕೊಟ್ಟವನಿಗೂ ಗೊತ್ತಿಲ್ಲ. ಎನ್‌ಬಿಒಎಂಇ ಎಂಬ ಬೇರೆಯೇ ರಾಸಾಯನಿಕವನ್ನು ಎಲ್‌ಎಸ್‌ಡಿ ಎಂದು ಮಾರಿದ್ದಿದೆ, ಅದನ್ನು ತಿಂದು ಸತ್ತವರಿದ್ದಾರೆ. ಅಸಲಿಯೇ ಆದರೂ ಔಷಧ ಕಾಗದದಲ್ಲಿ ಸಮನಾಗಿ ಹರಡಿರುವುದಿಲ್ಲ. ಕತ್ತರಿಯಲ್ಲಿ ಹತ್ತು ಚೂರು ಮಾಡಿದರೆ ಒಂದರಲ್ಲಿ ಏನೂ ಇಲ್ಲದೆ, ಇನ್ನೊಂದರಲ್ಲಿ ಮೂರು ಪಾಲು ಇರಬಹುದು. ಆ ದಿನ ನೀವು ಶಿರಸಿಯಿಂದ ದೇವಿಮನೆ ಘಟ್ಟದಲ್ಲಿ ಬೈಕ್ ಇಳಿಸುತ್ತಿದ್ದರೆ? ಎರಡನೆಯದು ಹೃದಯ. ಈ ಔಷಧಗಳು ಸಿರೋಟೋನಿನ್ ಎಂಬ ದೇಹದ್ದೇ ರಾಸಾಯನಿಕ ಅಂಟುವ ಒಂದು ಗ್ರಾಹಕಕ್ಕೆ ಅಂಟಿಕೊಳ್ಳುತ್ತವೆ. ಅದೇ ಗ್ರಾಹಕವನ್ನು ದಿನದಿನವೂ ಕೆರಳಿಸಿ ಹೃದಯದ ಕವಾಟ ಕೆಡಿಸಿದ ಕಾರಣಕ್ಕೆ ಫೆನ್‌ಫ್ಲೂರಮಿನ್ ಎಂಬ ತೂಕ ಇಳಿಸುವ ಮಾತ್ರೆಯನ್ನು 1997ರಲ್ಲಿ ಅಮೆರಿಕದ ಮಾರುಕಟ್ಟೆಯಿಂದ ತೆಗೆಯಲಾಯಿತು. ತಿಂಗಳುಗಟ್ಟಲೆ ಮೈಕ್ರೋಡೋಸಿಂಗ್ ಮಾಡಿದರೆ ಹಾಗೆಯೇ ಆಗುತ್ತದೆ ಎಂದು ಯಾರೂ ತೋರಿಸಿಲ್ಲ, ಆಗುವುದಿಲ್ಲ ಎಂದೂ ತೋರಿಸಿಲ್ಲ. ಮೂರನೆಯದು ಕಾನೂನು. ಮಾದಕವಸ್ತು ತಡೆಯುವ 1985ರ ಎನ್‌ಡಿಪಿಎಸ್ ಕಾಯ್ದೆಯ ಪಟ್ಟಿಯಲ್ಲಿ ಎಲ್‌ಎಸ್‌ಡಿಯೂ ಇದೆ, ಕೆಲವು ಅಣಬೆಗಳಲ್ಲಿರುವ, ಭ್ರಮೆ ಹುಟ್ಟಿಸುವ ಸಿಲೋಸೈಬಿನ್ನೂ ಇದೆ. ಅಲ್ಪ ಪ್ರಮಾಣಕ್ಕೇ ಒಂದು ವರ್ಷದವರೆಗೆ ಜೈಲು, ಹತ್ತು ಸಾವಿರದವರೆಗೆ ದಂಡ ಅಥವಾ ಎರಡೂ. ಎಲ್‌ಎಸ್‌ಡಿಗೆ ಅಲ್ಪ ಪ್ರಮಾಣವೆಂದರೆ 2 ಮಿಲಿಗ್ರಾಂ. ತೂಗುವಾಗ ಕಾಗದದ ಭಾರ ಸೇರಬೇಕೇ ಬೇಡವೇ ಎಂದು ನ್ಯಾಯಾಲಯಗಳಲ್ಲಿ ವಾದಗಳೇ ನಡೆದಿವೆ. ‘ಮೈಕ್ರೋ’ ಎಂಬ ಪದಕ್ಕೆ ಠಾಣೆಯಲ್ಲಿ ರಿಯಾಯಿತಿ ಇಲ್ಲ.

ಈಗ ಸ್ನೇಹಿತನ ಕಡೆ ನೋಡೋಣ. ಆತ ನಿಗದಿತ ದಿನ, ನಿಗದಿತ ಹೊತ್ತಿಗೆ ಏಳುತ್ತಾನೆ. ‘ಇಂದಿನಿಂದ ಬದಲಾಗುತ್ತೇನೆ’ ಎಂದು ತನಗೆ ತಾನೇ ಹೇಳಿಕೊಂಡಿದ್ದಾನೆ. ದಿನವೂ ಬರೆಯುತ್ತಾನೆ. ನಡೆಯಲು ಸಮುದ್ರದ ದಂಡೆ ಇದೆ. ಇಷ್ಟರಲ್ಲಿ ಕಾಗದದ ಚೂರನ್ನು ತೆಗೆದರೂ ಉಳಿದದ್ದು ನಿಂತೀತು ಎಂಬುದು ನನ್ನ ಅನುಮಾನ. ಆದ್ದರಿಂದ ನೀವು ನೋಟ್‌ಬುಕ್ ಮಾತ್ರ ಸಾಲ ತೆಗೆದುಕೊಳ್ಳಿ.

ಬರೆಯುವುದು ಹೀಗೆ. ‘ಕವಳ ಕಡಿಮೆ ಮಾಡುತ್ತೇನೆ’ ಎಂದು ಬರೆಯಬೇಡಿ, ಅದು ಚುನಾವಣೆಯ ಭರವಸೆ. ‘ಬೆಳಗಿನ ಆಸರಿ ಕುಡಿದು ಲೋಟ ಕೆಳಗಿಟ್ಟ ಕೂಡಲೇ ತೋಟದ ಕೆಳಗಿನ ಕಾಲುವೆವರೆಗೆ ಹೋಗಿ ಬರುತ್ತೇನೆ’ ಎಂದು ಬರೆಯಿರಿ. ಇಂಥದ್ದಾದ ಮೇಲೆ ಇಂಥದ್ದು ಎಂದು ಮೊದಲೇ ಗಂಟು ಹಾಕಿಟ್ಟರೆ ಕೆಲಸ ನಡೆಯುವ ಸಂಭವ ಹೆಚ್ಚು ಎಂಬುದನ್ನು ಪೀಟರ್ ಗಾಲ್ವಿಟ್ಜರ್ ಎಂಬ ಮನಶ್ಶಾಸ್ತ್ರಜ್ಞರು ತೋರಿಸಿಕೊಟ್ಟಿದ್ದಾರೆ. ಇಪ್ಪತ್ತೊಂದು ದಿನಕ್ಕೆ ಅಭ್ಯಾಸವಾಗುತ್ತದೆ ಎಂಬ ಮಾತನ್ನು ಮರೆತುಬಿಡಿ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ 96 ಜನರನ್ನು ಗಮನಿಸಿದಾಗ ನಡುವಿನ ಲೆಕ್ಕ 66 ದಿನ ಬಂತು. ಕೆಲವರಿಗೆ 18, ಕೆಲವರಿಗೆ 254. ಅದರಲ್ಲಿ ನನಗೆ ಇಷ್ಟವಾದ ಅಂಶವೆಂದರೆ, ನಡುವೆ ಒಂದು ದಿನ ತಪ್ಪಿದ್ದರಿಂದ ಏನೂ ಕೆಡಲಿಲ್ಲ. ರಾತ್ರಿಯಿಡೀ ಯಕ್ಷಗಾನದ ಆಟ ನೋಡಿ ಬಂದ ಮರುದಿನ ನಡೆಯದಿದ್ದರೆ ಅದನ್ನೂ ಬರೆದು ಮುಂದಿನ ಪುಟಕ್ಕೆ ಹೋಗಿ.

ಹೊಗೆಸೊಪ್ಪಿಗೆ ಮಾತ್ರ ನೋಟ್‌ಬುಕ್ ಸಾಲದು, ಅದು ನಿಕೋಟಿನ್ ಚಟ. ನಿಕೋಟಿನ್ ಗಮ್ ಇದೆ. ಅದನ್ನು ಚೂಯಿಂಗ್ ಗಮ್‌ನಂತೆ ಒಂದೇ ಸಮನೆ ಅಗಿದು ಹೊಟ್ಟೆ ತೊಳಸುತ್ತದೆ ಎನ್ನುವವರೇ ಹೆಚ್ಚು. ನಾಲ್ಕು ಸಲ ಅಗಿದು ದವಡೆಯ ಸಂದಿಯಲ್ಲಿ ಇಟ್ಟುಕೊಳ್ಳಬೇಕು. ಕವಳ ಹಾಕುವವರಿಗೆ ಆ ವಿದ್ಯೆ ಕಲಿಸಬೇಕಿಲ್ಲ.

ಪ್ರಶ್ನೆ (ಕುಮಟಾದ ಶಿಕ್ಷಕಿ): ನಾನು ಎರಡು ವರ್ಷದಿಂದ ಖಿನ್ನತೆಗೆ ಸರ್ಟ್ರಾಲಿನ್ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ಅದನ್ನು ಬಿಟ್ಟು ಇದನ್ನು ಹಿಡಿ ಎಂದು ಅಣ್ಣನ ಮಗ ವಿಡಿಯೋ ಕಳುಹಿಸುತ್ತಾನೆ.

ಉತ್ತರ: ಬಿಡಬೇಡಿ ಅಕ್ಕೋರೇ. ಸರ್ಟ್ರಾಲಿನ್ ಹಠಾತ್ತನೆ ನಿಲ್ಲಿಸಿದರೆ ತಲೆಸುತ್ತು, ನಿದ್ದೆಗೇಡು, ತಲೆಯಲ್ಲಿ ವಿದ್ಯುತ್ ಹರಿದಂಥ ಅನುಭವ ಎಲ್ಲ ಬರುತ್ತವೆ. ಹಳೆಯ ಖಿನ್ನತೆಯೂ ಹಿಂದೆಯೇ ಬರಬಹುದು. ನಿಲ್ಲಿಸುವ ಕಾಲ ಬಂದಾಗ ನಿಮ್ಮ ವೈದ್ಯರೇ ಹಂತಹಂತವಾಗಿ ಇಳಿಸುತ್ತಾರೆ. ಇದೇ ನೆಪದಲ್ಲಿ ಬೇರೆಯವರಿಗೂ ಹೇಳುತ್ತೇನೆ: ಲಿಥಿಯಂ ತೆಗೆದುಕೊಳ್ಳುವವರು ಇಂಥ ಔಷಧ ಸೇವಿಸಿ ಫಿಟ್ಸ್ ಬಂದ ವರದಿಗಳಿವೆ. ಬೈಪೋಲಾರ್ ಇರುವವರು, ತಮಗಾಗಲಿ ರಕ್ತಸಂಬಂಧಿಗಳಿಗಾಗಲಿ ಸ್ಕಿಜೋಫ್ರೇನಿಯಾ ಇರುವವರು ಹತ್ತಿರವೂ ಸುಳಿಯಬಾರದು.

ಪ್ರಶ್ನೆ (ಕಾರವಾರ): ಅಮೆರಿಕದಲ್ಲಿ ಅಣಬೆಯ ಔಷಧದಿಂದ ಸಿಗರೇಟು, ಮದ್ಯ ಬಿಡಿಸಿದ್ದಾರೆಂದು ಓದಿದ್ದೇನೆ. ಅದೂ ಸುಳ್ಳೇ?

ಉತ್ತರ: ಸುಳ್ಳಲ್ಲ, ಆದರೆ ಅದು ಬೇರೆ ಕಥೆ. ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ 15 ಜನ ಧೂಮಪಾನಿಗಳಿಗೆ ಸಿಲೋಸೈಬಿನ್ ಕೊಟ್ಟಾಗ ಆರು ತಿಂಗಳ ನಂತರ 12 ಜನ ಬಿಟ್ಟೇ ಇದ್ದರು. ಅದು 2014ರ ವರದಿ. ಹೋಲಿಕೆಗೆ ಇನ್ನೊಂದು ಗುಂಪು ಇರಲಿಲ್ಲ. 2022ರಲ್ಲಿ ಮದ್ಯದ ಸಮಸ್ಯೆಯಿದ್ದ 93 ಜನರ ಅಧ್ಯಯನ ಬಂತು, ಅದರಲ್ಲಿ ಹೋಲಿಕೆಯ ಗುಂಪಿತ್ತು, ಫಲಿತಾಂಶವೂ ಆಶಾದಾಯಕ. ಆದರೆ ಎರಡರಲ್ಲೂ ಕೊಟ್ಟದ್ದು ಪೂರ್ಣ ಪ್ರಮಾಣ, ಎರಡು ಮೂರು ಸಲ ಮಾತ್ರ, ಪಕ್ಕದಲ್ಲಿ ತರಬೇತಾದವರು ದಿನವಿಡೀ ಕುಳಿತು, ಹಿಂದೆ ಮುಂದೆ ವಾರಗಟ್ಟಲೆ ಆಪ್ತಸಮಾಲೋಚನೆ ನಡೆಸಿ. ಆ ಫಲಿತಾಂಶವನ್ನು ತಂದು ಅಡುಗೆಮನೆಯ ಕತ್ತರಿಗೆ ಅಂಟಿಸಲಾಗದು.

ಪ್ರಶ್ನೆ (ಅಂಕೋಲಾ): ಅಣಬೆ ನೈಸರ್ಗಿಕವಲ್ಲವೇ? ಮಳೆಗಾಲದಲ್ಲಿ ಸಗಣಿಯ ಮೇಲೆ ಏಳುವುದನ್ನು ತೋರಿಸಿ ಇದೇ ಅದು ಎನ್ನುತ್ತಾರೆ.

ಉತ್ತರ: ಹುತ್ತದ ಅಣಬೆ ಗುರುತಿಸಲು ನಮ್ಮ ಅಜ್ಜಿಯರಿಗೆ ಬರುತ್ತಿತ್ತು. ಅವರು ಸಗಣಿಯದನ್ನು ಮುಟ್ಟುತ್ತಿರಲಿಲ್ಲ. ಯಕೃತ್ತನ್ನು ಕರಗಿಸುವ ಅಣಬೆಗಳ ವಿಷ ತಿಂದ ಕೆಲವು ಗಂಟೆ ಗೊತ್ತೇ ಆಗುವುದಿಲ್ಲ; ಮೊದಲು ವಾಂತಿ ಭೇದಿ, ನಡುವೆ ಸುಧಾರಿಸಿದಂತೆ ಒಂದು ದಿನ, ಆಮೇಲೆ ಕಾಮಾಲೆ. ನಿಸರ್ಗದ ಕೊಡುಗೆ ಎಂದರೆ ವಿಷದ ಬೀಜದ ಕಾಸರಕ ಮರವೂ ನಿಸರ್ಗದ್ದೇ.

ಪ್ರಶ್ನೆ (ಹೊನ್ನಾವರ): ಮಗನ ಚೀಲದಲ್ಲಿ ಚಿತ್ರವಿರುವ ಸಣ್ಣ ಕಾಗದದ ಚೌಕಗಳು ಸಿಕ್ಕಿವೆ. ಏನು ಮಾಡಲಿ?

ಉತ್ತರ: ರಾತ್ರಿ ಎಲ್ಲರ ಮುಂದೆ ಅಲ್ಲ, ನಾಳೆ ಅವನೊಬ್ಬನೇ ಇರುವಾಗ ಕೇಳಿ. ‘ಇದು ಸಿಕ್ಕಿತು, ನನಗೆ ಹೆದರಿಕೆಯಾಗಿದೆ’ ಎಂಬಷ್ಟರಿಂದ ಮಾತು ಆರಂಭಿಸಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು. ಕಾರವಾರದ ಜಿಲ್ಲಾ ಆಸ್ಪತ್ರೆಗೆ ಕರೆತರಲು ಒಪ್ಪಿದರೆ ಇನ್ನೂ ಒಳ್ಳೆಯದು. ವ್ಯಸನಿ ತಾನಾಗಿ ಚಿಕಿತ್ಸೆಗೆ ಬಂದರೆ ರಕ್ಷಣೆ ಕೊಡುವ ಕಲಮೂ ಎನ್‌ಡಿಪಿಎಸ್ ಕಾಯ್ದೆಯಲ್ಲಿ ಇದೆ, 64ಎ.

ಪ್ರಶ್ನೆ (ಸಿದ್ದಾಪುರದ ಹಿರಿಯರು): ಎಲ್ಲ ಸರಿ ಡಾಕ್ಟರೇ. ಕೊನೆಗೆ ನೀವೂ ಅಡಿಕೆಯನ್ನು ವಿಷ ಎನ್ನುವವರ ಸಾಲಿಗೆ ಸೇರಿದಿರೋ?

ಉತ್ತರ: ನನ್ನನ್ನು ಓದಿಸಿದ್ದೂ ಅಡಿಕೆಯ ದುಡ್ಡೇ, ಹಾಗಾಗಿ ಈ ಪ್ರಶ್ನೆ ನನಗೆ ಮುಜುಗರದ್ದು. ಆದರೂ ಹೇಳಬೇಕು. ತಂಬಾಕಿಲ್ಲದ ಕವಳವನ್ನೂ ಅಡಿಕೆಯನ್ನೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 2004ರಲ್ಲೇ ಮನುಷ್ಯರಿಗೆ ಕ್ಯಾನ್ಸರ್‌ಕಾರಕ ಎಂದು ವರ್ಗೀಕರಿಸಿದೆ.

ಹೊನ್ನಾವರದ ದಂತವೈದ್ಯೆಯೊಬ್ಬರು: ಸರ್, ನಡುವೆ ಬಾಯಿ ಹಾಕುತ್ತಿದ್ದೇನೆ. ಮೊದಲ ಪ್ರಶ್ನೆಯಲ್ಲಿ ಉಪ್ಪಿನಕಾಯಿ ತಿಂದರೆ ಉರಿ ಎಂದಿದ್ದಾರೆ. ಅದನ್ನು ಯಾರೂ ಗಮನಿಸಲಿಲ್ಲ.

ಉತ್ತರ: ನಿಜ ಅಮ್ಮಾ, ಕಾಗದದ ಚೂರಿನ ಹಿಂದೆ ಹೋಗಿ ನಾನೇ ಅದನ್ನು ದಾಟಿಬಿಟ್ಟೆ. ತಪ್ಪಾಯಿತು. ಶಿರಸಿಯವರೇ, ಈಗಲೇ ಕನ್ನಡಿಯ ಮುಂದೆ ನಿಂತು ಬಾಯಿ ಪೂರ್ತಿ ತೆರೆಯಿರಿ. ನಿಮ್ಮದೇ ಕೈಯ ಮೂರು ಬೆರಳು ಜೋಡಿಸಿ, ಒಂದರ ಮೇಲೊಂದು ಬರುವಂತೆ ಮೇಲಿನ ಹಲ್ಲು, ಕೆಳಗಿನ ಹಲ್ಲಿನ ನಡುವೆ ಇಟ್ಟು ನೋಡಿ. ಹೋಗುತ್ತವೆಯೇ?

ಶಿರಸಿಯ ಓದುಗರು: ಎರಡು ಹೋಗುತ್ತವೆ. ಮೂರನೆಯದು ಇಲ್ಲ. ಹೆಂಡತಿಗೆ ಮೂರೂ ಸಲೀಸಾಗಿ ಹೋದವು.

ಉತ್ತರ: ಅಡಿಕೆಯಿಂದ ಕೆನ್ನೆಯ ಒಳಚರ್ಮ ಬಿಗಿಯುತ್ತಾ ಬಂದಿರಬಹುದು. ಅದೇ ಎಂದು ಕೈಯಿಂದ ಮುಟ್ಟಿ ನೋಡದೆ ಹೇಳಲಾಗದು. ಗಮ್ ಸದ್ಯಕ್ಕೆ ಬೇಡ, ಚರ್ಮಕ್ಕೆ ಅಂಟಿಸುವ ನಿಕೋಟಿನ್ ಪಟ್ಟಿ ಕೇಳೋಣ. ಕವಳ ಇಂದು ರಾತ್ರಿಯಿಂದಲೇ ನಿಲ್ಲಲಿ, ಹೊಗೆಸೊಪ್ಪು ಬಿಟ್ಟು ಬರೀ ಅಡಿಕೆ ಎಂಬ ರಾಜಿಯೂ ಬೇಡ. ನಾಳೆಯೇ ದಂತವೈದ್ಯರಿಗೆ ತೋರಿಸಿ, ಎಷ್ಟು ಮಿಲಿಮೀಟರ್ ತೆರೆಯುತ್ತದೆ ಎಂದು ಅಳೆಸಿ ನೋಟ್‌ಬುಕ್‌ನಲ್ಲಿ ಬರೆದುಕೊಳ್ಳಿ.

ಶಿರಸಿಯ ಓದುಗರು: ಶನಿವಾರ ಗೋಕರ್ಣಕ್ಕೆ ಹೋಗುವುದಿತ್ತು. ನಾಳೆ ಬೆಳಗಿನ ಬಸ್ಸಿಗೆ ಶಿರಸಿಗೆ ಹೋಗುತ್ತೇನೆ.