ಮಾತು ನಿಖರವಾಗಿರಲು ಚರ್ಚಾಕೂಟದಲ್ಲಿ ಎಂಥ ಅಭ್ಯಾಸ ಮಾಡಿಸಬೇಕು?

ಪ್ರಶ್ನೆ (ಮಾನ್ವಿಯಿಂದ)

ಮಾನ್ಯರೇ, ನಮ್ಮ ಊರಿನ ಗ್ರಂಥಾಲಯದ ಓದುಗರು, ಕೆಲವು ಶಿಕ್ಷಕರು ಹಾಗೂ ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದ ರೈತರು ಸೇರಿ ಭಾನುವಾರ ಬೆಳಿಗ್ಗೆ ಚರ್ಚಾಕೂಟ ನಡೆಸುತ್ತಿದ್ದೇವೆ. ಜನರಿಗೆ ಆಸಕ್ತಿಯಿದೆ, ಆದರೆ ಚರ್ಚೆ ಬಹುಬೇಗ ಭಾಷಣವಾಗಿಬಿಡುತ್ತದೆ. ‘ವ್ಯವಸ್ಥೆ ಕೆಟ್ಟಿದೆ’, ‘ಅಧಿಕಾರಿಗಳು ಸ್ಪಂದಿಸುತ್ತಿಲ್ಲ’, ‘ಈಗಿನ ಮಕ್ಕಳಿಗೆ ಓದು ಬೇಕಿಲ್ಲ’ ಎಂಬ ಮಾತುಗಳಿಗೆ ಎಲ್ಲರೂ ತಲೆದೂಗುತ್ತಾರೆ. ಯಾವ ಕಚೇರಿ, ಯಾವ ತರಗತಿಯ ಮಕ್ಕಳು ಎಂಬುದು ಮಾತ್ರ ಸಭೆ ಮುಗಿದರೂ ತಿಳಿಯುವುದಿಲ್ಲ. ಯಾರ ಮನಸ್ಸಿಗೂ ನೋವಾಗದಂತೆ ಇದನ್ನು ತಿದ್ದಿಕೊಳ್ಳುವ ಅಭ್ಯಾಸಗಳಿದ್ದರೆ ದಯವಿಟ್ಟು ತಿಳಿಸಿ. ಹಿರಿಯರು ಮಾತನಾಡುವಾಗ ಕಿರಿಯರು ನಡುವೆ ಪ್ರಶ್ನೆ ಕೇಳುವುದು ನಮ್ಮ ಕಡೆ ಸುಲಭವಲ್ಲ ಎಂಬುದೂ ಗಮನದಲ್ಲಿರಲಿ.

ಉತ್ತರ (ರಾಯಚೂರಿನಿಂದ)

ನಿಖರವಾಗಿ ಮಾತನಾಡುವುದು ನಮ್ಮ ರೈತರಿಗೆ ಹೊಸದೇನಲ್ಲ. ಸಭೆಯಲ್ಲಿ ‘ಕಾಲುವೆಗೆ ನೀರು ಬರುತ್ತಿಲ್ಲ’ ಎನ್ನುವವರೇ ನೀರಾವರಿ ಕಚೇರಿಯ ಮುಂದೆ ನಿಂತಾಗ ‘ಕಾಲುವೆಯ ಮೈಲ್ 69ರಲ್ಲಿ ಗೇಜ್ (ನೀರಿನ ಮಟ್ಟ) ಎಷ್ಟಿದೆ, ಮೈಲ್ 104ಕ್ಕೆ ಬರುವಷ್ಟರಲ್ಲಿ ಎಷ್ಟಕ್ಕೆ ಇಳಿದಿದೆ’ ಎಂದು ಕೇಳುತ್ತಾರೆ. ಮೊದಲನೆಯ ಮಾತಿಗೆ ‘ಪರಿಶೀಲಿಸುತ್ತೇವೆ’ ಎಂದು ಹೇಳಿ ಕಳುಹಿಸಬಹುದು. ಎರಡನೆಯದಕ್ಕೆ ಅಡಿಗಳ ಲೆಕ್ಕದಲ್ಲೇ ಉತ್ತರ ಕೊಡಬೇಕಾಗುತ್ತದೆ. ಆ ಎರಡು ಮೈಲುಗಳ ನಡುವೆ ನೀರು ಎಲ್ಲಿ ಹೋಯಿತು ಎಂಬ ಪ್ರಶ್ನೆಯೂ ತಾನಾಗಿಯೇ ಏಳುತ್ತದೆ. ಈ ಉದಾಹರಣೆಯಿಂದಲೇ ಆರಂಭಿಸಿ. ಕೂಟದಲ್ಲಿರುವ ರೈತರೇ ಅದನ್ನು ವಿವರಿಸಲಿ.

ನಾವು ಮೂವರ ಗುಂಪು ಮಾಡುತ್ತೇವೆ. ಒಬ್ಬರು ತಮ್ಮ ದೂರನ್ನು ಒಂದೇ ವಾಕ್ಯದಲ್ಲಿ ಹೇಳಬೇಕು. ಇನ್ನೊಬ್ಬರು ‘ಎಲ್ಲಿ, ಯಾವಾಗ, ಯಾರು, ಎಷ್ಟು’ ಎಂದಷ್ಟೇ ಕೇಳಬೇಕು. ‘ಯಾಕೆ’ ಎಂಬ ಪ್ರಶ್ನೆಗೆ ಮೊದಲ ಸುತ್ತಿನಲ್ಲಿ ಅವಕಾಶವಿಲ್ಲ, ಏಕೆಂದರೆ ಅದನ್ನು ಕೇಳಿದ ಕೂಡಲೇ ಮಾತನಾಡುವವರು ನಡೆದದ್ದನ್ನು ಹೇಳುವುದನ್ನು ಬಿಟ್ಟು ಸಮರ್ಥನೆಗೆ ಇಳಿಯುತ್ತಾರೆ. ಮೂರನೆಯವರು ಕೊನೆಗೆ ಉಳಿದ ವಾಕ್ಯವನ್ನು ಬರೆದು, ಓದಿ, ‘ತಾವು ಹೇಳಿದ್ದು ಇದೇ ತಾನೇ?’ ಎಂದು ಕೇಳುತ್ತಾರೆ. ‘ಅಧಿಕಾರಿಗಳು ಸ್ಪಂದಿಸುತ್ತಿಲ್ಲ’ ಎಂಬ ಮಾತು ‘ಪಹಣಿ ತಿದ್ದುಪಡಿಗೆ ಜೂನ್‌ನಲ್ಲಿ ಕೊಟ್ಟ ಅರ್ಜಿಗೆ ಇನ್ನೂ ಸ್ವೀಕೃತಿ ಸಿಕ್ಕಿಲ್ಲ’ ಎಂದಾದರೆ ಮುಂದೆ ಏನು ಮಾಡಬೇಕೆಂಬುದು ಅದರಲ್ಲಿಯೇ ಇರುತ್ತದೆ. ಆ ಅರ್ಜಿ ಏನಾಯಿತೆಂದು 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಕೇಳಿದರೆ ಸಾಮಾನ್ಯವಾಗಿ 30 ದಿನಗಳಲ್ಲಿ ಉತ್ತರ ಸಿಗಬೇಕು. ಆದರೆ ಬೇಕಾದ ಮಾಹಿತಿಯ ವಿವರ ಅರ್ಜಿಯಲ್ಲಿ ಸ್ಪಷ್ಟವಾಗಿರಬೇಕು. ಅಂಥ ಅರ್ಜಿ ಬರೆಯುವುದೂ ಒಳ್ಳೆಯ ಅಭ್ಯಾಸವೇ.

ಹಿರಿಯರ ವಿಷಯದಲ್ಲಿ ಒಂದು ಉಪಾಯ ಫಲ ಕೊಟ್ಟಿದೆ. ಪ್ರಶ್ನೆ ಕೇಳುವ ಹೊಣೆಯನ್ನು ಚೀಟಿ ಎತ್ತಿ ಹಂಚಿರಿ, ಮೊದಲ ಸುತ್ತಿನಲ್ಲಿ ಹಿರಿಯರೇ ಪ್ರಶ್ನಿಸಲಿ. ಆಮೇಲೆ ಕಿರಿಯರು ಕೇಳಿದರೆ ಅದು ಆಟದ ನಿಯಮವೆನಿಸುತ್ತದೆಯೇ ಹೊರತು ಉದ್ಧಟತನವೆನಿಸುವುದಿಲ್ಲ.

ಉತ್ತರ (ಬಳ್ಳಾರಿಯಿಂದ)

ಮೇಲಿನವರ ಮಾತನ್ನು ಒಪ್ಪುತ್ತಲೇ ಒಂದು ಎಚ್ಚರಿಕೆ ಹೇಳಬಯಸುತ್ತೇನೆ. ಅಂಕಿಯಿದ್ದರೆ ಮಾತ್ರ ನಿಖರ ಎಂಬ ಭಾವನೆ ಬೆಳೆಯಬಾರದು. ನಮ್ಮ ಊರಿನ ಜೀನ್ಸ್ ಉದ್ಯಮದಲ್ಲಿ ಸೊಂಟದ ಅಳತೆಯನ್ನು ಇಂಚುಗಳಲ್ಲಿ ಬರೆದರೆ ಸಾಕು, ಆದರೆ ವಾಷಿಂಗ್‌ಗೆ ಕಳುಹಿಸುವಾಗ ‘ಬಣ್ಣ ಇನ್ನೂ ಸ್ವಲ್ಪ ಇಳಿಯಲಿ’ ಎಂದರೆ ಒಬ್ಬೊಬ್ಬರು ಒಂದೊಂದು ರೀತಿ ತಿಳಿಯುತ್ತಾರೆ. ಅಲ್ಲಿ ಯಾವ ಸಂಖ್ಯೆಗಿಂತಲೂ ಜೊತೆಗೆ ಕೊಟ್ಟ ಸ್ಯಾಂಪಲ್ ಪೀಸ್ ಹೆಚ್ಚು ಸ್ಪಷ್ಟ. ಹಾಗೆಯೇ ಚರ್ಚೆಯಲ್ಲಿಯೂ ‘ಶೇಕಡಾ ಇಷ್ಟು ಮಂದಿ’ ಎಂಬ ಊಹೆಯ ಲೆಕ್ಕಕ್ಕಿಂತ ಕಣ್ಣಾರೆ ಕಂಡ ಒಂದು ಪ್ರಸಂಗ ಮೇಲು. ‘ಇತ್ತೀಚೆಗೆ ಹೀಗಾದ ಒಂದು ಸಂದರ್ಭ ಹೇಳಿ’ ಎಂಬ ಕೋರಿಕೆಯನ್ನು ನಿಮ್ಮ ನಾಲ್ಕು ಪ್ರಶ್ನೆಗಳಿಗೆ ಸೇರಿಸಿಕೊಳ್ಳಿ.

ಉತ್ತರ (ಕೊಪ್ಪಳದಿಂದ)

ನಾವು ಕಿನ್ನಾಳದ ಗೊಂಬೆಗಳನ್ನು ಇಟ್ಟುಕೊಂಡು ಅಭ್ಯಾಸ ಮಾಡಿಸುತ್ತೇವೆ. ಇಬ್ಬರು ಬೆನ್ನಿಗೆ ಬೆನ್ನು ಮಾಡಿ ಕೂರುತ್ತಾರೆ. ಒಬ್ಬರ ಕೈಯಲ್ಲಿ ಗೊಂಬೆ, ಇನ್ನೊಬ್ಬರ ಕೈಯಲ್ಲಿ ಹಾಳೆ ಮತ್ತು ಪೆನ್ಸಿಲ್. ‘ಚೆಂದದ ಗಿಳಿ’ ಎಂದರೆ ಚಿತ್ರ ಮುಂದುವರಿಯುವುದೇ ಇಲ್ಲ. ‘ತಲೆ ಎಡಕ್ಕೆ ತಿರುಗಿದೆ, ಕೊಕ್ಕು ಎದೆಗೆ ತಾಗುವಷ್ಟು ಬಾಗಿದೆ, ರೆಕ್ಕೆಯ ಅಂಚಿಗೆ ಹಳದಿ ಗೆರೆಯಿದೆ’ ಎಂದಾಗ ಪೆನ್ಸಿಲ್ ಓಡುತ್ತದೆ. ಕೊನೆಗೆ ಹಾಳೆಯನ್ನೂ ಗೊಂಬೆಯನ್ನೂ ಪಕ್ಕಪಕ್ಕ ಇಟ್ಟಾಗ, ಯಾವ ಮಾತು ಕೈಗೂಡಿತು, ಯಾವುದು ಕೈಕೊಟ್ಟಿತು ಎಂಬುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ದೊಡ್ಡ ಸಭೆಯಲ್ಲಿ ಬಾಯಿಬಿಡದ ಹೆಣ್ಣುಮಕ್ಕಳು ಇಬ್ಬರೇ ಕೂತಾಗ ಧಾರಾಳವಾಗಿ ಮಾತನಾಡುತ್ತಾರೆ. ಆದ್ದರಿಂದ ಜೋಡಿಯ ಅಭ್ಯಾಸ ಮೊದಲಿರಲಿ, ಸಭೆಯ ಚರ್ಚೆ ಆಮೇಲಿರಲಿ.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ಕೃತಜ್ಞತೆಗಳು. ಮುಂದಿನ ಕೂಟಕ್ಕೆ ಮಕ್ಕಳ ಓದಿನ ವಿಷಯವನ್ನೇ ಎತ್ತಿಕೊಳ್ಳುತ್ತೇವೆ. ಒಂದು ಮಗು ಯಾವ ಪಾಠದ ಯಾವ ಸಾಲಿನಲ್ಲಿ, ಯಾವ ಒತ್ತಕ್ಷರದಲ್ಲಿ ತಡವರಿಸಿತು ಎಂಬುದನ್ನು ಬರೆದು ತರುವಂತೆ ಶಿಕ್ಷಕರನ್ನು ಕೇಳಿಕೊಂಡಿದ್ದೇನೆ. ಕೊಪ್ಪಳದವರಲ್ಲಿ ಇನ್ನೊಂದು ಪ್ರಶ್ನೆ: ಭತ್ತದ ನಾಟಿಯ ದಿನಗಳಲ್ಲಿ ರೈತರು ಬರಲಾಗದಿದ್ದರೆ ತಾವು ಕೂಟವನ್ನು ಮುಂದೂಡುತ್ತೀರೋ, ಇದ್ದವರೊಂದಿಗೆ ನಡೆಸುತ್ತೀರೋ?