ಜಂಬಿಟ್ಟಿಗೆ ಗೋಡೆ, ರೆಡ್ ಆಕ್ಸೈಡ್ ನೆಲದ ಹಳೆಯ ಮನೆಗೆ ಟೈಲ್ಸ್ ಹಾಕುವ ಮೊದಲು ಏನೇನು ಸಿದ್ಧತೆ ಬೇಕು?

ತೀರ್ಥಹಳ್ಳಿ_ಮನೆ ಕೇಳಿದ್ದು:

ತೀರ್ಥಹಳ್ಳಿ ತಾಲ್ಲೂಕಿನಲ್ಲಿರುವ ನಮ್ಮ ಮನೆ ಜಂಬಿಟ್ಟಿಗೆ ಕಲ್ಲಿನದು. ಗೋಡೆಗಳಿಗೆ ಹಳೆಯ ಸುಣ್ಣದ ಗಾರೆಯಿದ್ದು, ನಡುಮನೆಗೆ ರೆಡ್ ಆಕ್ಸೈಡ್ ನೆಲವಿದೆ. ಮನೆಯ ಹಿಂಬದಿಗೇ ದರೆ (ಗುಡ್ಡ ಕಡಿದ ಎತ್ತರದ ಮಣ್ಣಿನ ಅಂಚು) ಇರುವುದರಿಂದ ಅಡುಗೆಮನೆ ಮತ್ತು ಬಚ್ಚಲಿನ ಹಿಂದಿನ ಗೋಡೆ ಪ್ರತಿ ಆಷಾಢದಲ್ಲಿ ಮೊಣಕಾಲೆತ್ತರದವರೆಗೆ ಒದ್ದೆಯಾಗುತ್ತದೆ; ಮಳೆ ಬಿಟ್ಟ ಮೇಲೆ ಅಲ್ಲಿ ಬಿಳಿಯ ಉಪ್ಪು ಹೊಮ್ಮಿ ಬಣ್ಣ ಸುಲಿದು ಬರುತ್ತದೆ. ಇದನ್ನು ಮುಚ್ಚಲು ಗೋಡೆಗೂ, ಅದರ ಜೊತೆಗೇ ನಡುಮನೆಯ ನೆಲಕ್ಕೂ ಟೈಲ್ಸ್ ಹಾಕಿಸೋಣ ಎಂದುಕೊಂಡಿದ್ದೇವೆ. ಕೆಂಪು ನೆಲದ ಮೇಲೆಯೇ ಸಿಮೆಂಟ್ ಹಾಲು (ನೀರಿನಲ್ಲಿ ತೆಳುವಾಗಿ ಕಲಸಿದ ಸಿಮೆಂಟ್) ಸುರಿದು 600 × 1200 ಮಿ.ಮೀ. ಅಳತೆಯ ವಿಟ್ರಿಫೈಡ್ ಟೈಲ್ಸ್ ಕೂರಿಸಬಹುದು, ಏನೂ ಒಡೆಯಬೇಕಾಗಿಲ್ಲ ಎಂದು ಮೇಸ್ತ್ರಿ ಹೇಳುತ್ತಾರೆ. ಇದು ಸರಿಯಾದ ಕ್ರಮವೇ? ನೆಲ ಮತ್ತು ಗೋಡೆಯನ್ನು ಹೇಗೆ ಸಿದ್ಧಗೊಳಿಸಬೇಕು ಎಂಬುದನ್ನು ಅನುಭವವಿರುವವರು ದಯವಿಟ್ಟು ತಿಳಿಸಬೇಕು.

ಶಿವಮೊಗ್ಗ_ಸಿವಿಲ್ ಉತ್ತರ:

ನಿಮ್ಮ ಹಿಂದಿನ ಗೋಡೆಯ ತೊಂದರೆ ನೀರಿನದು; ಟೈಲ್ಸ್ ಅದಕ್ಕೆ ಮದ್ದಲ್ಲ. ದರೆಯಿಂದ ಬಸಿದ ನೀರು ಪಾಯಕ್ಕೆ ಇಳಿದು, ಜಂಬಿಟ್ಟಿಗೆಯ ಸಣ್ಣ ರಂಧ್ರಗಳ ಮೂಲಕ ಮೇಲಕ್ಕೇರುವಾಗ ಮಣ್ಣಿನ ಮತ್ತು ಗಾರೆಯ ಲವಣಗಳನ್ನು ಕರಗಿಸಿಕೊಂಡು ಬರುತ್ತದೆ. ಗೋಡೆಯ ಮೈಯಲ್ಲಿ ನೀರು ಆವಿಯಾದಾಗ ಉಪ್ಪು ಅಲ್ಲಿಯೇ ಹರಳುಗಟ್ಟಿ ಹಿಗ್ಗುವುದರಿಂದ ಬಣ್ಣ ಮತ್ತು ಗಾರೆ ಪುಡಿಯಾಗುತ್ತವೆ. ಆ ಜಾಗಕ್ಕೆ ನೀವು ಟೈಲ್ಸ್ ಹೊದಿಸಿದರೆ ಆವಿ ಹೊರಬರುವ ದಾರಿ ಮುಚ್ಚಿಹೋಗುತ್ತದೆಯೇ ಹೊರತು ನೀರು ನಿಲ್ಲುವುದಿಲ್ಲ. ಅದು ಟೈಲ್ಸ್ ಮುಗಿಯುವ ಗೆರೆಯ ಮೇಲೆ ಕಾಣಿಸಿಕೊಳ್ಳುತ್ತದೆ, ಇಲ್ಲವೇ ಗೋಡೆಯ ಇನ್ನೊಂದು ಮಗ್ಗುಲಿಗೆ ಹೋಗುತ್ತದೆ.

ಆದ್ದರಿಂದ ಮೊದಲ ಖರ್ಚು ಮನೆಯ ಹೊರಗೆ ಆಗಬೇಕು. ದರೆಗೂ ಗೋಡೆಗೂ ನಡುವೆ, ಒಳಗಿನ ನೆಲಮಟ್ಟಕ್ಕಿಂತ ತಗ್ಗಿನಲ್ಲಿ, ನೀರು ನಿಲ್ಲದೆ ಹರಿದುಹೋಗುವಷ್ಟು ಇಳಿಜಾರಿನ ಚರಂಡಿ ತೆಗೆಸಿ. ಗೋಡೆಗೆ ಒತ್ತಿಕೊಂಡು ಕುಸಿದ ಮಣ್ಣಿದ್ದರೆ ಅದನ್ನು ಪೂರ್ತಿ ತೆಗೆಯಿರಿ. ಸೂರಿನ ನೀರು ನೇರವಾಗಿ ಗೋಡೆಯ ಬುಡಕ್ಕೆ ಬೀಳುತ್ತಿದ್ದರೆ ಸೂರಿನಂಚಿಗೆ ನೀರು ಹಿಡಿದು ಸಾಗಿಸುವ ದೋಣಿ ಕಟ್ಟಿಸುವುದು ಅಗತ್ಯ. ಒಳಗೆ ಉಪ್ಪಿನ ಗೆರೆಗಿಂತ ಒಂದಡಿ ಮೇಲಿನವರೆಗೆ ಗಾರೆಯನ್ನು ಕೆತ್ತಿ ತೆಗೆದು, ಉಪ್ಪನ್ನು ಒಣ ಬ್ರಷ್‌ನಿಂದ ಉಜ್ಜಿ ಗುಡಿಸಬೇಕು. ನೀರು ಹಾಕಿ ತೊಳೆದರೆ ಅದು ಕರಗಿ ಮತ್ತೆ ಕಲ್ಲಿನೊಳಕ್ಕೆ ಹೋಗುತ್ತದೆ. ಆಮೇಲೆ ಗೋಡೆ ಒಂದು ಬೇಸಿಗೆಯಾದರೂ ಬರಿಮೈಯಲ್ಲಿ ಒಣಗಲಿ.

ಅಡುಗೆಮನೆಯಲ್ಲಿ ಕಟ್ಟೆಯ ಮೇಲ್ಭಾಗಕ್ಕೆ ಮಾತ್ರ ಟೈಲ್ಸ್ ಹಾಕಿ, ಕೆಳಭಾಗಕ್ಕೆ ಪುನಃ ಸುಣ್ಣದ ಗಾರೆಯನ್ನೇ ಮಾಡಿಸುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ. ಬಚ್ಚಲಿನಲ್ಲಿ ಟೈಲ್ಸ್ ಬೇಕೇ ಬೇಕೆಂದಾದರೆ, ಒದ್ದೆ ಗೋಡೆಯಿಂದ ಸ್ವಲ್ಪ ಸಂದು ಬಿಟ್ಟು ಒಳಗೆ ನಾಲ್ಕಿಂಚಿನ ಬ್ಲಾಕ್ ಗೋಡೆ ಎಬ್ಬಿಸಿ, ಅದಕ್ಕೆ ಸಿಮೆಂಟ್ ಪ್ಲಾಸ್ಟರ್ ಮಾಡಿ ಅಂಟಿಸಬಹುದು. ಸುಣ್ಣದ ಗಾರೆಯ ಮೇಲೆ ನೇರವಾಗಿ ಅಂಟಿಸಿದರೆ, ಟೈಲ್ಸ್‌ನ ಭಾರಕ್ಕೆ ಗಾರೆಯೇ ಕಲ್ಲನ್ನು ಬಿಟ್ಟು ಬರುವ ಸಂಭವ ಹೆಚ್ಚು.

ಸಾಗರದ_ಗಾರೆ_ಕೆಲಸ ಉತ್ತರ:

ಗೋಡೆಯ ವಿಚಾರವನ್ನು ಮೇಲಿನವರು ಸರಿಯಾಗಿ ಹೇಳಿದ್ದಾರೆ. ನಾನು ನೆಲದ ಬಗ್ಗೆ ಹೇಳುತ್ತೇನೆ.

ಒಂದು ಮರದ ಸುತ್ತಿಗೆ ಅಥವಾ ಕಬ್ಬಿಣದ ಸರಳಿನ ತುದಿಯಿಂದ ಇಡೀ ನೆಲವನ್ನು ಗೇಣು ಗೇಣಿಗೂ ತಟ್ಟುತ್ತ ಹೋಗಿ. ಟೊಳ್ಳು ಸದ್ದು ಬಂದ ಜಾಗವನ್ನೆಲ್ಲ ಸೀಮೆಸುಣ್ಣದಲ್ಲಿ ಗುರುತು ಮಾಡಿ. ಅಲ್ಲೆಲ್ಲ ಮೇಲಿನ ಪದರ ಕೆಳಗಿನ ಹಾಸನ್ನು ಬಿಟ್ಟಿದೆ ಎಂದು ತಿಳಿಯಬೇಕು. ಅಂಥ ಜಾಗ ಅಲ್ಲೊಂದು ಇಲ್ಲೊಂದು ಇದ್ದರೆ ಕಿತ್ತು ತುಂಬಿಸಬಹುದು. ಅರ್ಧಕ್ಕಿಂತ ಹೆಚ್ಚು ನೆಲ ಹಾಗಿದ್ದರೆ, ಅಥವಾ ನಡುವೆ ಎಲ್ಲಾದರೂ ಕುಸಿದಿದ್ದರೆ, ಪೂರ್ತಿ ಕಿತ್ತು ಮಣ್ಣು ದಮ್ಮಸು ಮಾಡಿ, ಮೇಲೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿ ಕಾಂಕ್ರೀಟ್ ಹಾಕದೆ ಬೇರೆ ದಾರಿಯಿಲ್ಲ.

ನೆಲ ಗಟ್ಟಿಯಿದ್ದರೂ ನಿಮ್ಮ ಮೇಸ್ತ್ರಿ ಹೇಳಿದಂತೆ ನೇರವಾಗಿ ಕೂರಿಸಬಾರದು. ರೆಡ್ ಆಕ್ಸೈಡ್ ನೆಲಕ್ಕೆ ವರ್ಷಗಟ್ಟಲೆ ಮೇಣ, ಕೊಬ್ಬರಿ ಎಣ್ಣೆ ತಿಕ್ಕಿರುತ್ತಾರೆ. ಒಂದು ಹನಿ ನೀರು ಬಿಟ್ಟು ನೋಡಿ: ಅದು ಇಂಗದೆ ಗುಂಡಗೆ ನಿಂತರೆ ಅಂಟು ಕೂಡ ಹಾಗೆಯೇ ಮೇಲ್ಮೈಯಲ್ಲಿ ಉಳಿಯುತ್ತದೆ. ಗ್ರೈಂಡರ್‌ನಿಂದ ಆ ನುಣುಪನ್ನು ತೆಗೆದು, ಹನಿ ಇಂಗುವವರೆಗೆ ಉಜ್ಜಿ, ದೂಳನ್ನು ಗುಡಿಸಿ ಒರೆಸಬೇಕು. ದೂಳು ಉಳಿದರೆ ಎಷ್ಟು ದುಬಾರಿಯ ಅಂಟು ತಂದರೂ ಅದು ದೂಳಿಗೇ ಅಂಟುತ್ತದೆ.

ಸಿಮೆಂಟ್ ಹಾಲಿನ ಬಗ್ಗೆ ಒಂದು ಮಾತು. ಗೋಡೆಯ ಸೆರಾಮಿಕ್ ಟೈಲ್ಸ್ ನೀರು ಹೀರುತ್ತವೆ, ಆದ್ದರಿಂದ ಅವುಗಳನ್ನು ನೆನೆಹಾಕಿ ಸಿಮೆಂಟಿನಲ್ಲಿ ಕೂರಿಸುವ ಹಳೆಯ ಪದ್ಧತಿ ನಡೆಯುತ್ತದೆ. ವಿಟ್ರಿಫೈಡ್ ಟೈಲ್ಸ್ ಹೀರುವ ನೀರು ಶೇಕಡಾ 0.5ಕ್ಕಿಂತ ಕಡಿಮೆ, ಸಿಮೆಂಟಿಗೆ ಅಲ್ಲಿ ಹಿಡಿತ ಸಿಗುವುದಿಲ್ಲ. ಐಎಸ್ 15477 (ಟೈಲ್ಸ್ ಅಂಟಿನ ಭಾರತೀಯ ಮಾನಕ) ಎಂದು ಮೂಟೆಯ ಮೇಲೆ ಮುದ್ರಿಸಿರುವ ಪಾಲಿಮರ್ ಮಿಶ್ರಿತ ಅಂಟನ್ನೇ ಬಳಸಿ, ಹಳೆಯ ನೆಲದ ಮೇಲೆ ಹಾಕುವುದಕ್ಕೆ ಯಾವ ದರ್ಜೆಯದು ಬೇಕೆಂದು ಅಂಗಡಿಯಲ್ಲಿ ಕೇಳಿ. ಅಂಟನ್ನು ಹಲ್ಲಿನ ಕರಣೆಯಿಂದ ಎಳೆಯಬೇಕು, ಟೈಲ್ಸ್‌ನ ಬೆನ್ನಿಗೂ ತೆಳುವಾಗಿ ಸವರಬೇಕು. ನಾಲ್ಕು ಮೂಲೆಗೆ ನಾಲ್ಕು ಮುದ್ದೆ ಇಟ್ಟು ಒತ್ತುವವರಿಗೆ ಕೆಲಸ ಕೊಡಬೇಡಿ.

ದೊಡ್ಡ ಟೈಲ್ಸ್ ನೆಲದ ಏರುತಗ್ಗನ್ನು ಸಹಿಸುವುದಿಲ್ಲ. ಎರಡು ಮೀಟರಿನ ಅಲ್ಯೂಮಿನಿಯಂ ಪಟ್ಟಿಯನ್ನು ಎಲ್ಲ ದಿಕ್ಕಿಗೂ ಇಟ್ಟು ನೋಡಿದಾಗ ಅದರಡಿ 3 ಮಿ.ಮೀ.ಗಿಂತ ಹೆಚ್ಚು ಸಂದು ಕಾಣಬಾರದು. ಕಂಡರೆ ಮೊದಲೇ ಸಮ ಮಾಡಿಕೊಳ್ಳಬೇಕು, ಅಂಟನ್ನು ದಪ್ಪ ಹಾಕಿ ಸರಿಪಡಿಸಬಾರದು. ಟೈಲ್ಸ್ ಮತ್ತು ಅಂಟು ಸೇರಿ ನೆಲ ಸುಮಾರು 15 ಮಿ.ಮೀ. ಏರುವುದರಿಂದ ಬಾಗಿಲುಗಳು ತಿರುಗುತ್ತವೆಯೇ, ಹೊಸ್ತಿಲು ಎಷ್ಟು ಉಳಿಯುತ್ತದೆ ಎಂದು ಈಗಲೇ ಅಳೆಯಿರಿ.

ತೀರ್ಥಹಳ್ಳಿ_ಮನೆ:

ಇಬ್ಬರಿಗೂ ಧನ್ಯವಾದಗಳು. ನೆಲದಲ್ಲಿ ತೇವವಿದೆಯೇ ಎಂದು ತಿಳಿಯುವುದು ಹೇಗೆ? ಬಚ್ಚಲಿನಲ್ಲಿ ಹಂಡೆಯ ಒಲೆಯೂ ಇದೆ. ಅದರ ಸುತ್ತ ಟೈಲ್ಸ್ ನಿಲ್ಲುತ್ತದೆಯೇ?

ಶಿವಮೊಗ್ಗ_ಸಿವಿಲ್ ಉತ್ತರ:

ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚುಗಳನ್ನು ಟೇಪಿನಿಂದ ನೆಲಕ್ಕೆ ಮುಚ್ಚಿ ಒಂದು ಹಗಲು ಒಂದು ರಾತ್ರಿ ಬಿಡಿ. ತೆಗೆದಾಗ ಅಡಿಯಲ್ಲಿ ಹನಿಗಳಿದ್ದರೆ ಅಥವಾ ನೆಲ ಕಪ್ಪಾಗಿದ್ದರೆ ಕೆಳಗಿನಿಂದ ತೇವ ಬರುತ್ತಿದೆ. ಆದರೆ ನಮ್ಮ ಕಡೆ ಈ ಪರೀಕ್ಷೆಯನ್ನು ಏಪ್ರಿಲ್‌ನಲ್ಲಿ ಮಾಡಿ ಸಮಾಧಾನಪಡುವುದರಲ್ಲಿ ಅರ್ಥವಿಲ್ಲ. ಪರೀಕ್ಷೆ ಶ್ರಾವಣದಲ್ಲಿ ಆಗಲಿ, ಕೆಲಸ ಬೇಸಿಗೆಯಲ್ಲಿ ಆಗಲಿ.

ಒಲೆಯ ಬಾಯಿಯ ಸುತ್ತ ಟೈಲ್ಸ್ ಬೇಡ. ದಿನವೂ ಕಾದು ತಣಿಯುವ ಜಾಗದಲ್ಲಿ ಅದು ಬಿರುಕು ಬಿಡುತ್ತದೆ ಅಥವಾ ಕಳಚುತ್ತದೆ, ಕಲ್ಲೇ ಇರಲಿ. ಬಚ್ಚಲಿನ ಉಳಿದ ನೆಲಕ್ಕೆ ಇಳಿಜಾರನ್ನು ಅಂಟಿನಲ್ಲಿ ಕೊಡದೆ ಕೆಳಗಿನ ಹಾಸಿನಲ್ಲಿಯೇ, ಮೀಟರಿಗೆ 10ರಿಂದ 15 ಮಿ.ಮೀ.ನಂತೆ ಕೊಡಿಸಿ. ಅದರ ಮೇಲೆ ನೀರುನಿರೋಧಕವನ್ನು ಎರಡು ಕೈ, ಒಂದಕ್ಕೊಂದು ಅಡ್ಡವಾಗಿ ಬಳಿದು, ಗೋಡೆಯ ಮೇಲೂ ಒಂದಡಿ ಏರಿಸಿ, ಸ್ನಾನ ಮಾಡುವ ಬದಿಯಲ್ಲಿ ಆಳೆತ್ತರಕ್ಕೆ ಹಚ್ಚಿ. ಅದು ಒಣಗಿದ ಮೇಲೆ ನೀರು ಹೋಗುವ ಕಿಂಡಿಯನ್ನು ಮುಚ್ಚಿ ನೀರು ಕಟ್ಟಿ, ಕನಿಷ್ಠ 24 ಗಂಟೆ ಬಿಟ್ಟು, ಮಟ್ಟ ಇಳಿದಿಲ್ಲವೆಂದು ಖಚಿತಪಡಿಸಿಕೊಂಡೇ ಟೈಲ್ಸ್‌ಗೆ ಕೈಹಾಕಿ. ಅಲ್ಲಿಗೆ 300 ಮಿ.ಮೀ. ಚೌಕದ ಒರಟು ಟೈಲ್ಸ್ ಸಾಕು.

ಹೊಸನಗರದ_ಓದುಗ ಉತ್ತರ:

ಒಂದು ಭಿನ್ನಾಭಿಪ್ರಾಯ. ತಟ್ಟಿ ನೋಡಿದಾಗ ನಡುಮನೆಯ ನೆಲ ಗಟ್ಟಿಯಿದ್ದು, ತೇವವೂ ಇಲ್ಲವೆಂದಾದರೆ ಅದನ್ನು ಉಜ್ಜಿ ಕೆಡಿಸುವುದೇಕೆ? ಅಂಥ ನುಣುಪಿನ ನೆಲ ಮಾಡುವ ಕೈಗಳು ಈಗ ಸುಲಭವಾಗಿ ಸಿಗುವುದಿಲ್ಲ. ಆ ಹಣವನ್ನು ದರೆಯ ಚರಂಡಿಗೂ ಬಚ್ಚಲಿಗೂ ಹಾಕಬಹುದು. ಇನ್ನು, ಅಡಿಕೆ ಕೊಯ್ಲು ಮುಗಿಯುವವರೆಗೆ ಆಳುಗಳು ಸಿಗುವುದು ಕಷ್ಟವಾದ್ದರಿಂದ ಚರಂಡಿ ತೋಡುವವರಿಗೆ ಈಗಲೇ ಹೇಳಿಟ್ಟಿರಿ.

ತೀರ್ಥಹಳ್ಳಿ_ಮನೆ:

ನೆಲವನ್ನು ಇವತ್ತು ತಟ್ಟಿ ನೋಡಿದೆ. ದೇವರಕೋಣೆಯ ಬಾಗಿಲ ಬಳಿ ಎರಡು ಕಡೆ ಬಿಟ್ಟರೆ ಎಲ್ಲಿಯೂ ಟೊಳ್ಳಿಲ್ಲ. ನಡುಮನೆಯ ಟೈಲ್ಸ್ ವಿಚಾರವನ್ನು ಸದ್ಯಕ್ಕೆ ಕೈಬಿಟ್ಟು, ಚರಂಡಿ ಮತ್ತು ಹಿಂದಿನ ಗೋಡೆಯ ಗಾರೆ ಕೆತ್ತುವ ಕೆಲಸಕ್ಕೆ ಮೇಸ್ತ್ರಿಯಿಂದ ಅಂದಾಜು ಕೇಳಿದ್ದೇನೆ.